ಹೆಸರಿನ ನಡುವಿನ ಕೊಂಕು

ಮಂಗಳೂರು ಕಡೆಯ ಡಿಸೋಜ, ಡಿಸಿಲ್ವ, ಡಿಮೆಲ್ಲೊ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಡಿ' ಅಕ್ಷರದ ಪಕ್ಕದಲ್ಲಿ ಅಪಾಸ್ಟ್ರಫಿ ಎಂಬ ಒಂದು ಪುಟ್ಟ ಕೊಂಕು (') ಬೀಳುತ್ತದೆ. ಪೋರ್ಚುಗೀಸಿನಲ್ಲಿ ಅಲ್ಲಿದ್ದದ್ದು 'ದೆ' ಎಂಬ ಕಿರುಪದ, ನಮ್ಮ 'ಇನ' ಪ್ರತ್ಯಯದ ಕೆಲಸ ಮಾಡುವಂಥದ್ದು. ಅದರ ಮುಂದೆ ಸ್ವರ ಬಂದಾಗ 'ದೆ'ಯ ಎಕಾರ ಬಿದ್ದುಹೋಗಿ ಆ ಜಾಗದಲ್ಲಿ ಅಪಾಸ್ಟ್ರಫಿ ಕೂರುವುದು ಸರಿ. ಸೋಜದ ಮೊದಲಲ್ಲಿ ಸ್ವರವೇ ಇಲ್ಲ, ಆದರೂ ಕೊಂಕು ಬಂತು. ಬಂದ ಮೇಲೆ ಓದಲೇಬೇಕಲ್ಲ? ಬಿದ್ದುಹೋದ ಎಕಾರದ ಜಾಗಕ್ಕೆ ನಮ್ಮವರು ಇಂಗ್ಲಿಷ್ ಅಕ್ಷರದ ಹೆಸರನ್ನೇ ತಂದು ಕೂರಿಸಿ 'ಡಿ' ಎಂದರು. ದಕಾರ ಹೋಗಿ ಡಕಾರ ಬಂತು. ಕನ್ನಡದಲ್ಲಿ ಬರೆಯುವಾಗ ಕೊಂಕೂ ಹೋಯಿತು, 'ಡಿಸೋಜ' ಮಾತ್ರ ಉಳಿಯಿತು. ಬರೆದವನಿಗೆ ಒಂದು ಅರ್ಥವಿದ್ದ ಚಿಹ್ನೆ ಓದಿದವರ ಬಾಯಲ್ಲಿ ಬೇರೆಯೇ ಆಯಿತು.

ಫ್ಯಾಂಟಸಿ ಮತ್ತು ವೈಜ್ಞಾನಿಕ ಕಥೆಗಳ ಹೆಸರುಗಳಲ್ಲಿ ಹೆಜ್ಜೆಹೆಜ್ಜೆಗೂ ಆಗುತ್ತಿರುವುದು ಇದೇ. 'ಸ್ಟಾರ್ ಟ್ರೆಕ್' ಸರಣಿಯ ವಲ್ಕನ್ ಎಂಬ ಅನ್ಯಗ್ರಹದ ಹೆಂಗಸರ ಹೆಸರುಗಳನ್ನು ನೋಡಿ: 1967ರ ಕಂತಿನಲ್ಲಿ ಬಂದ ಟಿ'ಪಾವ್, ಟಿ'ಪ್ರಿಂಗ್, 2001ರ ಸರಣಿಯ ಟಿ'ಪಾಲ್. ಬರಹದಲ್ಲಿರುವುದು ಟಕಾರ, ಕೊಂಕು, ಪಕಾರ, ಅಷ್ಟೇ. ನಟರ ಬಾಯಲ್ಲಿ ಕೊಂಕಿನ ಜಾಗದಲ್ಲಿ ಮಬ್ಬಾದ ಒಂದು ಅಕಾರ ಕೇಳಿಸುತ್ತದೆ, ಒತ್ತು ಅದರ ಮುಂದಿನ ಭಾಗದ ಮೇಲೆ ಬೀಳುತ್ತದೆ. ಅಂದರೆ ಹೆಚ್ಚುಕಡಿಮೆ 'ಟಪಾಲ್'. ಭೂಮಿಯವರ ಜೊತೆ ಬಾಹ್ಯಾಕಾಶ ಸುತ್ತುವ ಆ ಗಂಭೀರ ಹೆಂಗಸು ನಮ್ಮ ಕಿವಿಗೆ ಅಂಚೆಯ ಚೀಲವಾಗಿಬಿಡುತ್ತಾಳೆ.

ಅಪಾಸ್ಟ್ರಫಿಗೆ ಸ್ವಂತ ಉಚ್ಚಾರ ಅಂತ ಒಂದಿಲ್ಲ. 'ಇಲ್ಲಿ ಏನೋ ಇದೆ' ಎಂದು ಹೇಳುವ ಚೀಟಿ ಅದು. ಏನಿದೆ ಎನ್ನುವುದನ್ನು ಆಯಾ ಭಾಷೆಯ ಕಾಗುಣಿತ ಮೊದಲೇ ಗೊತ್ತು ಮಾಡಿಟ್ಟಿರುತ್ತದೆ. ಹಾಗೆ ಗೊತ್ತು ಮಾಡದ ಹೆಸರನ್ನು ಓದುಗರು ತಮಗೆ ರೂಢಿಯಿದ್ದ ಹಾಗೆ ಓದಿಕೊಳ್ಳುತ್ತಾರೆ. ಇಂಗ್ಲಿಷ್ ಲೇಖಕರು ಈ ಚೀಟಿಗೆ ಜೋತುಬೀಳುವುದಕ್ಕೆ ಕಾರಣವಿದೆ, ರೋಮನ್ ಲಿಪಿಯಲ್ಲಿರುವುದು 26 ಅಕ್ಷರ ಮಾತ್ರ. ಕನ್ನಡ ಲಿಪಿಗೆ ಆ ಬಡತನವಿಲ್ಲ. ಅಪಾಸ್ಟ್ರಫಿ ಮಾಡುವ ಕೆಲಸಗಳಲ್ಲಿ ಒಂದೆರಡನ್ನು ಬಿಟ್ಟು ಮಿಕ್ಕವಕ್ಕೆಲ್ಲ ನಮ್ಮಲ್ಲಿ ಅಕ್ಷರವೋ ಒತ್ತಕ್ಷರವೋ ಇದ್ದೇ ಇದೆ. ಹಾಗಿದ್ದೂ ಕನ್ನಡದ ಹೊಸ ಫ್ಯಾಂಟಸಿ ಬರಹಗಳಲ್ಲಿ ಇಂಗ್ಲಿಷಿನಿಂದ ಈ ಕೊಂಕನ್ನು ಎತ್ತಿ ತಂದು ಸಿಕ್ಕಿಸುವುದನ್ನು ಕಂಡರೆ, ಮನೆಯಲ್ಲಿ ಒರಳು ಇಟ್ಟುಕೊಂಡು ಪಕ್ಕದ ಮನೆಗೆ ಚಟ್ನಿ ರುಬ್ಬಲು ಹೋದ ಹಾಗೆ ಅನಿಸುತ್ತದೆ.

ಮೊದಲು ನಿಜವಾದ ಭಾಷೆಗಳಲ್ಲಿ ಇದಕ್ಕಿರುವ ಕೆಲಸಗಳನ್ನು ನೋಡೋಣ. ಕಲ್ಪಿತ ಹೆಸರುಗಳೆಲ್ಲ ಇವುಗಳಲ್ಲೇ ಯಾವುದಾದರೊಂದರ ನೆರಳು.

ಒಂದು ಕೆಲಸ ಲೋಪ. ಫ್ರೆಂಚಿನಲ್ಲಿ, ಇಟಾಲಿಯನ್ನಿನಲ್ಲಿ ಎರಡು ಸ್ವರ ಎದುರಾದರೆ ಮೊದಲನೆಯದು ಬಿದ್ದು ಅಲ್ಲಿ ಕೊಂಕು ಬರುತ್ತದೆ. ಉಚ್ಚಾರದಲ್ಲಿ ಅದಕ್ಕೆ ಏನೂ ಇಲ್ಲ, ನಿಲ್ಲುವ ಹಾಗೂ ಇಲ್ಲ. ನಮ್ಮ ಅವಗ್ರಹ ಇದರ ತದ್ರೂಪು: ಶಿವಃ, ಅಹಂ ಸೇರಿ 'ಶಿವೋಽಹಂ'. ಬಿದ್ದುಹೋದ ಅಕಾರದ ಗುರುತು ಆ ಽ. ರೋಮನ್ ಲಿಪಿಯಲ್ಲಿ ಸಂಸ್ಕೃತ ಬರೆಯುವವರು ಅಲ್ಲಿ ಅಪಾಸ್ಟ್ರಫಿಯನ್ನೇ ಹಾಕುತ್ತಾರೆ. ಫ್ಯಾಂಟಸಿ ಓದಿ ಪಳಗಿದ ಇಂಗ್ಲಿಷ್ ಓದುಗ ಅದನ್ನು ಕಂಡು 'ಶಿವೋ' ಎಂದು ಗಂಟಲು ಬಿಗಿಹಿಡಿದು ಆಮೇಲೆ 'ಹಂ' ಎಂದರೆ ತಪ್ಪು ಅವನದಲ್ಲ, ಅವನು ಕಲಿತ ರೂಢಿ ಬೇರೆ. ಕನ್ನಡದ ಸ್ವಂತ ಲೋಪಸಂಧಿಗೆ ಈ ಗುರುತೂ ಬೇಡ. ಊರು, ಅಲ್ಲಿ ಸೇರಿ ಊರಲ್ಲಿ. ಬಿದ್ದ ಉಕಾರವನ್ನು ಯಾರೂ ಕೇಳುವುದಿಲ್ಲ. ಆಡುಮಾತಿನಲ್ಲಿ ನಡುವಿನ ಸ್ವರ ಬಿದ್ದರೆ ಒತ್ತಕ್ಷರ ಹುಟ್ಟುತ್ತದೆ: ಹೋಗುತ್ತೀನಿ ಎಂಬುದು ಹೋಗ್ತೀನಿ, ಕರೆದುಕೊಂಡು ಬಾ ಎಂಬುದು ಕರ್ಕೊಂಡ್ಬಾ.

ಇನ್ನೊಂದು ಕೆಲಸ ಬೇಲಿ ಹಾಕುವುದು. ಚೀನಾದ ಶಿಆನ್ ನಗರದ ಹೆಸರನ್ನು, ಚೀನೀ ಭಾಷೆಯನ್ನು ರೋಮನ್ ಲಿಪಿಗೆ ಇಳಿಸುವ ಪಿನ್‌ಯಿನ್ ಪದ್ಧತಿಯಲ್ಲಿ ಬರೆಯುವಾಗ 'ಶಿ' ಆದ ಮೇಲೆ ಅಪಾಸ್ಟ್ರಫಿ ಬರುತ್ತದೆ. ಅದಿಲ್ಲದಿದ್ದರೆ ಅದೇ ಅಕ್ಷರಗಳು ಒಂದೇ ಉಚ್ಚಾರಾಂಶವಾಗಿ 'ಶ್ಯೆನ್' ಎಂಬಂತೆ ಓದಿಸಿಕೊಳ್ಳುತ್ತವೆ. ಅ, ಎ, ಒ ಗಳಿಂದ ಶುರುವಾಗುವ ಉಚ್ಚಾರಾಂಶ ಪದದ ನಡುವೆ ಬಂದರೆ ಮಾತ್ರ ಈ ಬೇಲಿ. ಕನ್ನಡ ಪತ್ರಿಕೆಗಳಲ್ಲಿ 'ಶಿಯಾನ್' ಎಂದು ಬರೆದಾಗ ಯಕಾರ ಬಂದು ಆ ಬೇಲಿಯನ್ನು ತಿಂದುಹಾಕುತ್ತದೆ. 'ಶಿಆನ್' ಎಂದರೆ ಕೆಲಸ ಮುಗಿಯಿತು, ಚಿಹ್ನೆ ಬೇಕಿಲ್ಲ.

ಹಳೆಯ ವೇಡ್-ಗೈಲ್ಸ್ ಪದ್ಧತಿಯಲ್ಲಂತೂ ಇದೇ ಚಿಹ್ನೆ ಮಹಾಪ್ರಾಣದ ಗುರುತು. ತಾಯ್ ಚಿ ಚುವಾನ್ ಎಂದು ನಾವು ಕರೆಯುವ ವ್ಯಾಯಾಮದ ಹೆಸರಿನಲ್ಲಿ ಮೊದಲನೆಯ ಮತ್ತು ಮೂರನೆಯ ಪದಗಳಿಗೆ ಕೊಂಕಿದೆ, ನಡುವಿನದಕ್ಕೆ ಇಲ್ಲ. ಹಾಗಾಗಿ 'ಥಾಯ್ ಚಿ ಛ್ವೆನ್' ಎಂದು ಬರೆದರೆ ಮೂಲಕ್ಕೆ ಹತ್ತಿರ. ಥ, ಛ ನಮ್ಮ ವರ್ಣಮಾಲೆಯಲ್ಲೇ ಕೂತಿವೆ. (ನಾವು ಅವನ್ನು ಸರಿಯಾಗಿ ಉಚ್ಚರಿಸುತ್ತೇವೆಯೇ ಎಂಬುದು ಬೇರೆ ಜಗಳ.) ಇಂಗ್ಲಿಷಿನವರು ಆ ಚಿಹ್ನೆಯನ್ನು ಅಲಂಕಾರವೆಂದು ತಿಳಿದು ಕಿತ್ತುಹಾಕಿದರು, ಅದರೊಂದಿಗೆ ಭೇದವೂ ಹೋಯಿತು.

ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ನಮ್ಮ ಸಾಹಿತ್ಯ ವಲಯದಲ್ಲಿ ಚೆನ್ನಾಗಿ ಗೊತ್ತಿರುವವರು. ಅವರ ಹೆಸರಿನ ಕೊನೆಯ ಓಕಾರದ ಹಿಂದೆಯೂ ಒಂದು ಅಪಾಸ್ಟ್ರಫಿ ಇದೆ. ಅದನ್ನು ಕಂಡು ಅಲ್ಲಿ ತಡೆದು ನಿಲ್ಲುವವರಿದ್ದಾರೆ. ಗಿಕುಯು, ಸ್ವಾಹಿಲಿ ಭಾಷೆಗಳ ಬರಹದಲ್ಲಿ 'ಎನ್', 'ಜಿ' ಆದ ಮೇಲೆ ಬರುವ ಕೊಂಕು ಹೇಳುವುದು ಇಷ್ಟೇ: ಇಲ್ಲಿ ಗಕಾರ ಕೇಳಿಸಬಾರದು, ಶುದ್ಧ ಙಕಾರ ಬರಬೇಕು. ಸ್ವಾಹಿಲಿಯಲ್ಲಿ ದನಕ್ಕೆ 'ಙೋಂಬೆ' ಎನ್ನುತ್ತಾರೆ, ಅದನ್ನು ಬರೆಯುವುದೂ ಹೀಗೇ. ಒಂದನೆಯ ತರಗತಿಯಲ್ಲಿ ಕಲಿತು ಆಮೇಲೆ ಜನ್ಮದಲ್ಲಿ ಬಳಸದ ನಮ್ಮ ಙ ಅಕ್ಷರಕ್ಕೆ ಕೊನೆಗೂ ಸಿಕ್ಕ ಕೆಲಸ ಇದು.

ಈಗ ಫ್ಯಾಂಟಸಿ ಓದುಗರೆಲ್ಲ ಮೊದಲು ನೆನೆಯುವ ಕೆಲಸ: ಗ್ಲಾಟಲ್ ಸ್ಟಾಪ್, ಕನ್ನಡದಲ್ಲಿ ಹೇಳುವುದಾದರೆ ಗಂಟಲತಡೆ. ಹವಾಯಿಯ ಭಾಷೆಯಲ್ಲಿ ಇದು ಪೂರ್ಣ ಪ್ರಮಾಣದ ವ್ಯಂಜನ. 'ಒಕಿನ' ಎಂದು ಅದರ ಹೆಸರು, ಕತ್ತರಿಸುವುದು ಎಂದರ್ಥ. 'ಕೊಉ' ಎಂದು ನಡುವೆ ತಡೆದು ಹೇಳಿದರೆ 'ನನ್ನ', ತಡೆಯದೆ 'ಕೋವು' ಎಂಬಂತೆ ಹರಿಯಬಿಟ್ಟರೆ 'ನಿನ್ನ'. ನನ್ನದು ನಿನ್ನದಾಗಲು ಅಷ್ಟೇ ಸಾಕು. ಆ ದ್ವೀಪಗಳ ಹೆಸರಿನಲ್ಲೇ ಕೊನೆಯ ಇಕಾರದ ಮುಂಚೆ ಒಕಿನ ಇದೆ. ನಾವು ಬರೆಯುವುದು 'ಹವಾಯಿ'. ಎರಡು ಸ್ವರ ಎದುರುಬದುರಾದರೆ ನಡುವೆ ಯಕಾರವನ್ನೋ ವಕಾರವನ್ನೋ ತುಂಬುವುದು ಕನ್ನಡ ನಾಲಗೆಯ ಹುಟ್ಟುಗುಣ. ಮನೆಯನ್ನು, ಗುರುವನ್ನು ಎನ್ನುವಾಗ ನಡೆಯುವ ಆಗಮಸಂಧಿ ಹವಾಯಿಯ ಮೇಲೂ ನಡೆದುಹೋಗಿದೆ. ಈ ಗುಣವನ್ನು ನೆನಪಿಟ್ಟುಕೊಳ್ಳಿ, ಕನ್ನಡದಲ್ಲಿ ಇಂಥ ಹೆಸರು ಕಟ್ಟುವವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ.

ಅರಬ್ಬಿಯಲ್ಲಿ ಹಂಝ, ಐನ್ ಎಂಬ ಎರಡು ಬೇರೆ ವ್ಯಂಜನಗಳಿವೆ. ಹಂಝ ಎಂದರೆ ಗಂಟಲತಡೆ. ಐನ್ ಇನ್ನೂ ಆಳದಲ್ಲಿ, ಗಂಟಲಿನ ಬುಡ ಬಿಗಿದು ಹೊರಡುವ ಘೋಷಧ್ವನಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಎರಡಕ್ಕೂ ಒಂದೇ ಕೊಂಕು. ಕರ್ನಾಟಕದ ಮುಸ್ಲಿಂ ಪ್ರಕಾಶನಗಳು 'ಕುರ್‌ಆನ್' ಎಂದು ಬರೆಯುವ ರೀತಿ ನನಗೆ ಬಹಳ ಮೆಚ್ಚಿಗೆಯದು. ರಕಾರಕ್ಕೆ ಅರ್ಧಾಕ್ಷರ, ಅದರ ಪಕ್ಕದಲ್ಲಿ ಪೂರ್ಣಸ್ವರ ಆ. ಒಂದು ವಿದೇಶಿ ಚಿಹ್ನೆಯೂ ಇಲ್ಲದೆ ಎಲ್ಲಿ ನಿಲ್ಲಬೇಕೆಂದು ಕಣ್ಣಿಗೆ ಗೊತ್ತಾಗುತ್ತದೆ. ಫ್ಯಾಂಟಸಿ ಬರೆಯುವವರು ಕಲಿಯಬೇಕಾದ ಪಾಠ ಅಲ್ಲಿದೆ.

ಗಂಟಲತಡೆಯನ್ನು ಕಲಿಯುವುದು ಕಷ್ಟವಲ್ಲ, ನಾವು ದಿನವೂ ಮಾಡುವುದೇ. ಬಿಸಿ ಪಾತ್ರೆಗೆ ಕೈಹಾಕುವ ಮಗುವಿಗೆ 'ಅ-ಅ! ಮುಟ್ಬೇಡ' ಎನ್ನುತ್ತೇವಲ್ಲ, ಎರಡು ಅಕಾರಗಳ ನಡುವಿನ ಬಿಗಿ ಅದೇ. ಬಾಯಿ ಮುಚ್ಚಿಕೊಂಡೇ 'ಉಂ-ಉಂ' ಎಂದು ಬೇಡವೆನ್ನುವಾಗಲೂ ಅದೇ. ಅಭ್ಯಾಸಕ್ಕೆ ತುಂಬಿದ ಕೊಡ ಎತ್ತುವವರ ಹಾಗೆ ಉಸಿರು ಕಟ್ಟಿ. ಗಂಟಲಲ್ಲಿ ಏನೋ ಮುಚ್ಚಿಕೊಂಡದ್ದು ತಿಳಿಯುತ್ತದೆ. ಆ ಸ್ಥಿತಿಯಿಂದ 'ಆ' ಎಂದು ಬಿಡಿ, ಸಣ್ಣ ಚಿಟಿಕೆಯಂಥ ಸದ್ದಿನೊಂದಿಗೆ ಸ್ವರ ಹೊರಡುತ್ತದೆ. ಈಗ 'ನ' ಹೇಳಿ, ಮುಚ್ಚಿ, 'ಆ' ಬಿಡಿ. ನಡುವೆ ಯಕಾರವೋ ಹಕಾರವೋ ನುಸುಳಿದರೆ ಗಂಟಲು ಪೂರ್ತಿ ಮುಚ್ಚಿಲ್ಲವೆಂದು ಅರ್ಥ. ತಡೆ ಬಹಳ ಹೊತ್ತು ಇರಬೇಕಿಲ್ಲ. ಪದವನ್ನು ಎರಡು ತುಂಡು ಮಾಡಿ ನಡುವೆ ವಿರಾಮ ಕೊಡುವುದು ಹೊಸಬರ ತಪ್ಪು, ಒಂದು ಕಕಾರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಸಾಕು.

ಇದರ ಜೊತೆ ಗೊಂದಲವಾಗುವ ಇನ್ನೊಂದು ಜಾತಿಯ ಧ್ವನಿ ಎಜೆಕ್ಟಿವ್. ಜಾರ್ಜಿಯನ್, ಅಂಹರಿಕ್, ಕೆಚುವಾ ಭಾಷೆಗಳಲ್ಲಿ ಇದೆ, ಕನ್ನಡದಲ್ಲಿ ಇಲ್ಲ. ಇದಕ್ಕೆ ಗಂಟಲನ್ನೂ ಮುಚ್ಚಬೇಕು, ಬಾಯಲ್ಲಿ ಕಕಾರದ ಜಾಗವನ್ನೂ ಮುಚ್ಚಬೇಕು. ಗಂಟಲ ಗುಳ್ಳೆ ಮೇಲೇರಿ ನಡುವಿನ ಗಾಳಿಯನ್ನು ಒತ್ತುತ್ತದೆ, ನಾಲಗೆ ಬಿಟ್ಟಾಗ 'ಕ್' ಎಂದು ಬಾಟಲಿಯ ಬಿರಡೆ ಕಿತ್ತ ಹಾಗೆ ಸಿಡಿಯುತ್ತದೆ. ರೋಮನ್ ಲಿಪ್ಯಂತರದಲ್ಲಿ ಇದಕ್ಕೂ ಅದೇ ಅಪಾಸ್ಟ್ರಫಿ. ಒಂದೇ ಚಿಹ್ನೆಗೆ ಎಷ್ಟು ಕೆಲಸ ನೋಡಿ!

ಇಷ್ಟು ಗೊತ್ತಾದ ಮೇಲೆ ಕಲ್ಪಿತ ಹೆಸರುಗಳಿಗೆ ಬರೋಣ. ಯಾರು ಈ ಕೊಂಕಿಗೆ ಗೊತ್ತಾದ ಒಂದು ಕೆಲಸ ಕೊಟ್ಟಿದ್ದಾರೆ, ಯಾರು ಸುಮ್ಮನೆ ಕೂರಿಸಿದ್ದಾರೆ ಎಂಬುದು ಬೇಗ ತಿಳಿಯುತ್ತದೆ.

ಕೆಲಸ ಕೊಟ್ಟವರಲ್ಲಿ ಮೊದಲ ಹೆಸರು ಮಾರ್ಕ್ ಓಕ್ರಾಂಡ್. ಕ್ಯಾಲಿಫೋರ್ನಿಯಾದ ಮುತ್ಸುನ್ ಎಂಬ ಮೂಲನಿವಾಸಿ ಭಾಷೆಯ ವ್ಯಾಕರಣದ ಮೇಲೆ ಸಂಶೋಧನೆ ಮಾಡಿದ ಭಾಷಾಶಾಸ್ತ್ರಜ್ಞ. 1984ರ 'ಸ್ಟಾರ್ ಟ್ರೆಕ್' ಚಿತ್ರಕ್ಕಾಗಿ ಕ್ಲಿಂಗಾನ್ ಎಂಬ ಅನ್ಯಗ್ರಹದವರ ಭಾಷೆ ಕಟ್ಟಿದರು, 1985ರಲ್ಲಿ ಅದರ ನಿಘಂಟು ಅಚ್ಚಾಯಿತು. ಕ್ಲಿಂಗಾನಿನಲ್ಲಿ 5 ಸ್ವರ, 21 ವ್ಯಂಜನ. ಆ 21ರಲ್ಲಿ ಅಪಾಸ್ಟ್ರಫಿಯೂ ಒಂದು, ಅದು ಗಂಟಲತಡೆ, ಬೇರೇನೂ ಅಲ್ಲ. ಪ್ರತಿ ಉಚ್ಚಾರಾಂಶವೂ ವ್ಯಂಜನದಿಂದಲೇ ಶುರುವಾಗಬೇಕೆಂಬುದು ನಿಯಮ. ಯಶಸ್ಸು ಎಂಬರ್ಥದ 'ಕಪ್ಲಾ' ಪದದ ಕೊನೆಗೆ ಈ ಅಕ್ಷರವಿದೆ, ಆದ್ದರಿಂದ ಆಕಾರವನ್ನು ಎಳೆಯುವಂತಿಲ್ಲ, ಥಟ್ಟನೆ ಗಂಟಲಲ್ಲಿ ಕತ್ತರಿಸಬೇಕು. ಸಾಮ್ರಾಜ್ಯಕ್ಕೆ 'ವೊ', ಹೆಂಗಸಿಗೆ 'ಬೆ', ಇವೆರಡರ ಕೊನೆಗೂ ಅದೇ ಕತ್ತರಿ.

ತಮಾಷೆಯೆಂದರೆ ಟಿವಿ ಸರಣಿಯ ಲೇಖಕರು ಇಂಗ್ಲಿಷಿನಲ್ಲಿ ಕಟ್ಟಿದ ಕ್ಲಿಂಗಾನ್ ಹೆಸರುಗಳು ಈ ವ್ಯಾಕರಣಕ್ಕೆ ತಲೆ ಬಾಗುವುದಿಲ್ಲ. 1995ರ ಸರಣಿಯ ಬಿ'ಇಲಾನ ಎಂಬ ಎಂಜಿನಿಯರ್ ಹೆಸರಿನಲ್ಲಿ ಕೊಂಕು ಇದೆ, ಉಚ್ಚಾರದಲ್ಲಿ ತಡೆಯೇ ಇಲ್ಲ, ಎಲ್ಲರೂ ಸಲೀಸಾಗಿ 'ಬಿಲಾನ' ಎನ್ನುತ್ತಾರೆ. ಅದೇ ವೋರ್ಫ್ ಎಂಬ ಕ್ಲಿಂಗಾನ್ ಪಾತ್ರದ ಹೆಸರಿನ ಇಂಗ್ಲಿಷ್ ಬರಹದಲ್ಲಿ ಕೊಂಕಿಲ್ಲ, ಕ್ಲಿಂಗಾನ್ ಬರಹದಲ್ಲಿ ಇದೆ: 'ವೊ-ರಿವ್'. ಗೆರೆ ಹಾಕಿದಲ್ಲಿ ತಡೆ. ಕ್ಲಿಂಗಾನರ ಗ್ರಹದ ಹೆಸರಂತೂ ಇಂಗ್ಲಿಷ್ ಬಾಯಲ್ಲಿ 'ಕ್ರೋನೋಸ್'. ಆ ಹೆಸರಿನ ಕ್ಲಿಂಗಾನ್ ಕಾಗುಣಿತದಲ್ಲಿ ರಕಾರವೇ ಇಲ್ಲ. ಅಲ್ಲಿರುವುದು ಕಿರುನಾಲಗೆಯ ಹತ್ತಿರ ಉಜ್ಜಿ ಹೊರಡುವ ಒಂದು ಕಕಾರ, ಅದರ ಒರಟುತನವೇ ಇಂಗ್ಲಿಷ್ ಕಿವಿಗೆ 'ಕ್ರ' ಎಂದು ಕೇಳಿಸುತ್ತದೆ. ಆಮೇಲೆ ಒಕಾರ, ಗಂಟಲತಡೆ, 'ನೊ', ಕೊನೆಗೆ ದೊಡ್ಡಕ್ಷರದ 'ಎಸ್'. ಈ ದೊಡ್ಡಕ್ಷರದ 'ಎಸ್' ನಮ್ಮ ಷಕಾರ, ದೊಡ್ಡಕ್ಷರದ 'ಡಿ' ನಮ್ಮ ಡಕಾರ, ಎರಡೂ ಮೂರ್ಧನ್ಯ. ಅಮೆರಿಕದ ಅಭಿಮಾನಿಗಳು ಇವನ್ನು ಕಷ್ಟಪಟ್ಟು ಕಲಿಯುತ್ತಾರೆ. ಕನ್ನಡದವರಿಗೆ ಅವು ಪುಕ್ಕಟೆ, ಸಕಾರ-ಷಕಾರ ಬೇರೆ ಮಾಡಿ ಹೇಳುವವರಾದರೆ.

2009ರ 'ಅವತಾರ್' ಚಿತ್ರಕ್ಕೆ ಪಾಲ್ ಫ್ರಾಮರ್ ಕಟ್ಟಿದ, ನಾವಿ ಎಂಬ ಅನ್ಯಗ್ರಹದವರ ಭಾಷೆಯಲ್ಲಿ ಇನ್ನೂ ಒಂದು ಜಾಣತನವಿದೆ. ಅಲ್ಲಿ ಗಂಟಲತಡೆಯೂ ಇದೆ, ಎಜೆಕ್ಟಿವ್ ಧ್ವನಿಗಳೂ ಇವೆ. ಎರಡಕ್ಕೂ ಅಪಾಸ್ಟ್ರಫಿ ಹಾಕಿದ್ದರೆ ಓದುವವರು ಕಂಗಾಲಾಗುತ್ತಿದ್ದರು. ಆದ್ದರಿಂದ ತಡೆಗೆ ಮಾತ್ರ ಕೊಂಕು, ಎಜೆಕ್ಟಿವ್ ಪ, ತ, ಕಗಳಿಗೆ ಆ ಅಕ್ಷರದ ಪಕ್ಕದಲ್ಲಿ ಒಂದು 'ಎಕ್ಸ್'. ಮೊ-ಆಟ್, ತ್ಸು-ತೇಯ್ ಎಂಬ ಪಾತ್ರಗಳ ಹೆಸರಿನಲ್ಲಿರುವ ಕೊಂಕು ನಿಜವಾದ ತಡೆ. 'ನಾವಿ' ಎಂಬ ಪದದಲ್ಲೂ ಇದೆ, ಚಿತ್ರದ ಮನುಷ್ಯ ಪಾತ್ರಗಳು ಅದನ್ನು ನುಂಗಿಬಿಡುತ್ತವೆ. ಹೊರಗಿನವರು ಹಾಗೇ ತಾನೆ ಮಾತಾಡುವುದು?

ಭಾಷೆಯೊಂದನ್ನು ಪೂರ್ತಿ ಕಟ್ಟದೆಯೂ ಕೊಂಕಿಗೆ ಕೆಲಸ ಕೊಡಬಹುದು. 1967ರಿಂದ ಬರತೊಡಗಿದ ಆನ್ ಮೆಕ್ಯಾಫ್ರಿಯವರ ಪರ್ನ್ ಎಂಬ ಗ್ರಹದ ಕಥೆಗಳಲ್ಲಿ ಹುಡುಗನೊಬ್ಬನಿಗೆ ಡ್ರ್ಯಾಗನ್ ಒಲಿದರೆ ಅವನ ಹೆಸರು ಕುಗ್ಗುತ್ತದೆ. ಕೀವನ್ ಎಂಬ ಹುಡುಗ ಕ್'ವನ್ ಆಗುತ್ತಾನೆ. ಬಿದ್ದುಹೋದ ಸ್ವರದ ಗುರುತು ಆ ಕೊಂಕು, ಅದು ಬಿರುದೂ ಹೌದು. ಉಚ್ಚಾರದಲ್ಲಿ ತಡೆ ಬೇಡ, ಕುಗ್ಗಿಸಿ ಹೇಳಿದರೆ ಆಯಿತು. ಇದನ್ನು ಕನ್ನಡಕ್ಕೆ ತರುವಾಗ 'ಕ್ವನ್' ಎಂದು ಒತ್ತಕ್ಷರ ಹಾಕಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಕೀವನ್ ಕುಗ್ಗಿ ಕ್ವನ್ ಆದದ್ದು ಕಣ್ಣಿಗೇ ಕಾಣುತ್ತದೆ. ಹೋಗುತ್ತೀನಿ, ಹೋಗ್ತೀನಿ ಆದ ದಾರಿಯೇ ಅದು.

ಇನ್ನು 1965ರ 'ಡ್ಯೂನ್' ಕಾದಂಬರಿಯ ನಾಯಕನಿಗೆ ಬಂದ ಹೆಸರು ಮುಆದ್'ದಿಬ್. ಅರಬ್ಬಿಯಲ್ಲಿ ಇದಕ್ಕೆ ತೀರ ಹತ್ತಿರದ ಪದ 'ಮುಅದ್ದಿಬ್', ಶಿಸ್ತು ಕಲಿಸುವ ಗುರು. ಅಲ್ಲಿ ಹಂಝ ಇರುವುದು 'ಮು' ಮತ್ತು 'ಅ' ನಡುವೆ. ಕಾದಂಬರಿಯ ಬರಹದಲ್ಲಿ ಕೊಂಕು ಜಾರಿ ಎರಡು ದಕಾರಗಳ ನಡುವೆ ಬಂದು ಕೂತಿದೆ. ಅಲ್ಲಿ ಅರಬ್ಬಿಯಲ್ಲಿ ಇರುವುದು ಬರೀ ದ್ವಿತ್ವ. ಕನ್ನಡದಲ್ಲಿ 'ಮುಅದ್ದಿಬ್' ಎಂದು ಬರೆದರೆ ತಡೆಯ ಜಾಗವೂ ಸರಿ, ದ್ವಿತ್ವವೂ ಸರಿ, ಕೊಂಕು ನಿರುದ್ಯೋಗಿ.

ಸುಮ್ಮನೆ ಕೂರಿಸಿದ ಕೊಂಕುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಾವಿರಾರಿವೆ. 1928ರಲ್ಲಿ ಅಚ್ಚಾದ ಕಥೆಯೊಂದರಲ್ಲಿ ಅಮೆರಿಕದ ಭಯಾನಕ ಕಥೆಗಾರ ಲವ್‌ಕ್ರಾಫ್ಟ್ ಮುಳುಗಿದ ನಗರಕ್ಕೆ ರ್'ಲಿಯೆ ಎಂದು ಹೆಸರಿಟ್ಟಾಗ ಅವರಿಗೆ ಒಂದು ನೆಪವಾದರೂ ಇತ್ತು: ಮನುಷ್ಯರ ಗಂಟಲಿಗೆ ದಕ್ಕದ ಸದ್ದುಗಳಿಗೆ ಮನುಷ್ಯರು ಮಾಡಿಕೊಂಡ ಅಂದಾಜು ಬರಹ ಅದು. ಅವರ ಹಿಂದೆ ಬಂದವರು ಆ ನೆಪವನ್ನು ಬಿಟ್ಟು ಕೊಂಕನ್ನು ಮಾತ್ರ ಇಟ್ಟುಕೊಂಡರು. 'ಸ್ಟಾರ್‌ಗೇಟ್' ಸರಣಿಯ ಖಳರಾದ ಗೋವಾ'ಊಲ್ಡ್‌ಗಳ ಹೆಸರನ್ನು ಆ ಸರಣಿಯ ಪಾತ್ರಗಳೇ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ.

ಉಚ್ಚಾರದ ಸೂಚನೆ ಎಲ್ಲೂ ಇಲ್ಲದ ಹೆಸರು ಸಿಕ್ಕರೆ ಏನು ಮಾಡಬೇಕು? ಇಂಗ್ಲಿಷ್ ಓದುಗರಲ್ಲಿ ತಾನಾಗಿ ಬೆಳೆದ ರೂಢಿ ಹೀಗಿದೆ. ಕೊಂಕಿನ ಎರಡು ಬದಿಯಲ್ಲೂ ಸ್ವರವಿದ್ದರೆ ಗಂಟಲತಡೆ. ಎರಡು ಬದಿಯಲ್ಲೂ ವ್ಯಂಜನವಿದ್ದು ಸೇರಿಸಿ ಹೇಳಲಾಗದಿದ್ದರೆ ನಡುವೆ ಮಬ್ಬು ಅಕಾರ, ಟಿ'ಪಾಲ್ ಥರ. ಸೇರಿಸಿ ಹೇಳಬಹುದಾದರೆ ಏನೂ ಬೇಡ. ಒಂದು ಕಡೆ ವ್ಯಂಜನ ಇನ್ನೊಂದು ಕಡೆ ಸ್ವರವಿದ್ದರೆ ಕೊಂಕನ್ನು ಮರೆತು ಒತ್ತನ್ನು ಅದರ ನಂತರದ ಭಾಗಕ್ಕೆ ಕೊಡಿ. ಇದು ಶಾಸ್ತ್ರವಲ್ಲ, ಹತ್ತರಲ್ಲಿ ಏಳೆಂಟು ಸಲ ಗಂಟಲು ಕೆಡದೆ ದಾಟಿಸುವ ಉಪಾಯ.

ಕನ್ನಡದಲ್ಲಿ ಟೈಪ್ ಮಾಡುವಾಗ ಬರುವ ತೊಡಕುಗಳು ಬೇರೆ. ನಮ್ಮ ಪತ್ರಿಕೆಗಳು ಸಿನಿಮಾ, ಪುಸ್ತಕಗಳ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಹಾಕುತ್ತವೆ, ಈ ಬರಹದಲ್ಲೂ ಹಾಗೇ ಹಾಕಿದೆ. ಕೊಂಕಿರುವ ಹೆಸರು ಅದರೊಳಗೆ ಬಂದರೆ ಉದ್ಧರಣ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಹೆಸರು ಕೊಂಕಿನಿಂದಲೇ ಶುರುವಾದರೆ ವರ್ಡ್ ಪ್ರೊಸೆಸರ್ ಅದನ್ನು ಉದ್ಧರಣೆಯ ಆರಂಭವೆಂದು ತಿಳಿದು ತಿರುಗುಮುರುಗಾಗಿ ಬಾಗಿಸುತ್ತದೆ. ಕೀಲಿಮಣೆಯ ನೇರ ಕೊಂಕು, ಕಂಪ್ಯೂಟರಿನ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 0027, ಬಾಗಿದ್ದು 2019, ಅಕ್ಷರವೆಂದೇ ಎಣಿಸುವ ಕೊಂಕು 02ಬಿಸಿ, ಹವಾಯಿಯ ಒಕಿನ 02ಬಿಬಿ. ನೋಡಲು ಹೆಚ್ಚುಕಡಿಮೆ ಒಂದೇ. ಹುಡುಕಾಟದಲ್ಲಿ ಒಂದು ಕೊಟ್ಟರೆ ಇನ್ನೊಂದು ಸಿಗದೆ ಹೋಗಬಹುದು. 300 ಪುಟದ ಹಸ್ತಪ್ರತಿಯ ಅರ್ಧದಲ್ಲಿ ನೇರ ಕೊಂಕು, ಅರ್ಧದಲ್ಲಿ ಬಾಗಿದ ಕೊಂಕು ಸೇರಿಕೊಂಡರೆ ಹೆಸರು ಬದಲಾಯಿಸುವ ದಿನ ಗ್ರಹಚಾರ. ಮೊದಲ ದಿನವೇ ಒಂದನ್ನು ಆರಿಸಿ ಹೆಸರುಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಅಲ್ಲಿಂದಲೇ ನಕಲು ಮಾಡಿ ಅಂಟಿಸುವುದು ಕ್ಷೇಮ.

ಕೊಂಕಿನ ಬದಲು ನಮ್ಮಲ್ಲಿ ಬೇಲಿಯ ಕೆಲಸ ಮಾಡುವುದು ಕಣ್ಣಿಗೆ ಕಾಣದ ಒಂದು ಅಕ್ಷರ, ಯೂನಿಕೋಡಿನ 200ಸಿ, ಝೀರೋ ವಿಡ್ತ್ ನಾನ್ ಜಾಯ್ನರ್. ಸಾಫ್ಟ್‌ವೇರ್ ಎಂಬಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಇಳಿಯದೆ ಪಕ್ಕದಲ್ಲಿ ನಿಲ್ಲುವುದು ಇದರಿಂದ. ಇದಿಲ್ಲದಿದ್ದರೆ 'ಸಾಫ್ಟ್ವೇರ್'. ವ್ಯಂಜನ-ವ್ಯಂಜನಗಳ ನಡುವಿನ ಗಡಿ ತೋರಿಸಲು ಇದಕ್ಕಿಂತ ಸೊಗಸಾದದ್ದು ಇಲ್ಲ. ಆದರೆ ಕೆಲವು ವೆಬ್ ಫಾರಂಗಳು, ಹಳೆಯ ಫಾಂಟ್ ಪರಿವರ್ತಕಗಳು ಕಾಣದ ಈ ಅಕ್ಷರವನ್ನು ಕಸವೆಂದು ಗುಡಿಸಿಬಿಡುತ್ತವೆ. ನಿಮ್ಮ ಕಥೆಯಲ್ಲಿ ಎರಡು ಪಾತ್ರಗಳ ಹೆಸರಿಗೆ ಇದೊಂದೇ ವ್ಯತ್ಯಾಸವಾದರೆ ಮುದ್ರಣಕ್ಕೆ ಹೋಗುವಷ್ಟರಲ್ಲಿ ಇಬ್ಬರೂ ಒಬ್ಬರಾಗಿರುತ್ತಾರೆ.

ಈಗ ಕನ್ನಡದಲ್ಲೇ ಒಂದು ಹೆಸರು ಕಟ್ಟಿ ನೋಡೋಣ. ಗಂಟಲತಡೆಯಿರುವ ಒಂದು ಗುಡ್ಡಗಾಡು ಜನ, ಅವರಲ್ಲೊಬ್ಬ ಬೇಟೆಗಾರ. ತಡೆಯನ್ನು ಪೂರ್ಣಸ್ವರದಿಂದ ತೋರಿಸುತ್ತೇವೆ, ಕುರ್‌ಆನ್ ಮಾದರಿಯಲ್ಲಿ. ಮೊದಲ ಪ್ರಯತ್ನ 'ಕಾಆರ'. ಇದು ಕೆಟ್ಟಿತು. ಕೂಗನ್ನು, ಎಳೆದ ಮಾತನ್ನು ತೋರಿಸಲು 'ಬಾಆಆ', 'ಅಯ್ಯೋಓಓ' ಎಂದು ನಾವೇ ಬರೆಯುತ್ತೇವೆ, ಆದ್ದರಿಂದ ಓದುಗರು ಇದನ್ನು ಎಳೆದ ಕಾಕಾರವೆಂದೇ ಓದುತ್ತಾರೆ. ಎರಡನೆಯದು 'ಕಇರ'. ನಾಲಗೆ ಅದನ್ನು 'ಕೈರ' ಮಾಡುತ್ತದೆ, 'ಕಉರ' ಆದರೆ 'ಕೌರ'. ತಡೆಯ ಹಿಂದೆ ಇ, ಎ, ಉ, ಒ ಇದ್ದು ಮುಂದೆ ಅ ಅಥವಾ ಆ ಬಂದರೆ ಚೆನ್ನಾಗಿ ನಿಲ್ಲುತ್ತದೆ: ಕೆಅರ, ತೊಅರ, ಬುಆಲಿ. 'ತೊಅರ' ಇಟ್ಟುಕೊಳ್ಳೋಣ.

ವಿಭಕ್ತಿ ಹಚ್ಚಿ ನೋಡದೆ ಕನ್ನಡದಲ್ಲಿ ಯಾವ ಹೆಸರನ್ನೂ ಗಟ್ಟಿ ಮಾಡಬಾರದು. ತೊಅರನನ್ನು, ತೊಅರನಿಗೆ, ತೊಅರನಿಂದ: ಸಲೀಸು. ತಡೆ ಹೆಸರಿನ ಕೊನೆಗಿದ್ದರೆ ಕಥೆಯೇ ಬೇರೆ. ಕ್ಲಿಂಗಾನಿನ 'ಕಪ್ಲಾ' ಮಾದರಿಯಲ್ಲಿ 'ತೊರಾ' ಎಂದಿಟ್ಟು ಕೊನೆಗೆ ಕೊಂಕು ಹಾಕಿದಿರಿ ಎನ್ನಿ, 'ಅನ್ನು' ಸೇರಿದ ಕೂಡಲೇ ಆಗಮಸಂಧಿ ಬಂದು 'ತೊರಾವನ್ನು' ಆಗುತ್ತದೆ. ವಕಾರ ಬಂದಲ್ಲಿ ತಡೆಗೆ ಜಾಗವಿಲ್ಲ. 'ತೊರಾ ಎಂಬಾತನನ್ನು' ಎಂದು ಪ್ರತಿಸಲ ಬರೆಯುವ ತಾಳ್ಮೆ ಯಾರಿಗಿದೆ? ಕೊನೆಯ ತಡೆಯನ್ನು ಕನ್ನಡದಲ್ಲಿ ಬಿಟ್ಟುಬಿಡುವುದು ಲೇಸು. ಸ್ಥಳಗಳಿಗಾದರೆ ಹಿಂದೆ 'ಕೋಟೆ', 'ಹಳ್ಳಿ' ಸೇರಿಸಿ ತಪ್ಪಿಸಿಕೊಳ್ಳಬಹುದು.

ತೊಅರ ಎಂಬುದನ್ನು ಓದುಗರು ಮೂರನೆಯ ಪುಟದ ಹೊತ್ತಿಗೆ 'ತೊವರ' ಮಾಡಿಕೊಂಡಿರುತ್ತಾರೆ, ತಡೆಯಲಾಗುವುದಿಲ್ಲ. ಪುಸ್ತಕದ ಹಿಂದೆ ಉಚ್ಚಾರದ ಪಟ್ಟಿ ಹಾಕಿದರೆ ಅದನ್ನು ಓದುವವರು ಕಮ್ಮಿ. ಕಥೆಯೊಳಗೇ ಬಯಲುಸೀಮೆಯ ವ್ಯಾಪಾರಿಯೊಬ್ಬ 'ತೊವರಣ್ಣ, ಜಿಂಕೆ ಚರ್ಮ ಎಷ್ಟಕ್ಕೆ ಕೊಡ್ತೀಯ?' ಎಂದು ಕೇಳಲಿ. 'ತೊವರ ಅಂದ್ರೆ ನಮ್ಮಲ್ಲಿ ಹೆಣ ಹೊರೋನು. ನಡುವೆ ಉಸಿರು ಕಟ್ಟಿ ಹೇಳು' ಎಂದು ಇವನು ರೇಗಲಿ. ಒಂದೇ ಏಟಿಗೆ ಉಚ್ಚಾರ ಗೊತ್ತಾಯಿತು, ಆ ಭಾಷೆಯಲ್ಲಿ ತಡೆಯಿಂದ ಅರ್ಥ ಬದಲಾಗುತ್ತದೆಂದೂ ಗೊತ್ತಾಯಿತು, ವ್ಯಾಪಾರಿ ಹೊರಗಿನವನೆಂದೂ ತಿಳಿಯಿತು. ಆಮೇಲೆ ಅದೇ ಜನರ ಮಿಕ್ಕ ಹೆಸರುಗಳಲ್ಲಿ ತಡೆ ಬಂದರೆ ಅದೇ ರೀತಿ ಬರೆಯಬೇಕು. ಪಕ್ಕದ ರಾಜ್ಯದವರ ಹೆಸರಲ್ಲಿ ಅದು ಕಾಣಿಸಬಾರದು, ಕಂಡರೆ ಎರಡು ಜನಾಂಗದ ಹೆಸರುಗಳೂ ಒಂದೇ ರುಚಿಯ ಸಾರಾಗುತ್ತವೆ.

ಆಡಿಯೋ ಪುಸ್ತಕವಾಗುವುದಿದ್ದರೆ ಓದುವವರಿಗೆ ಬರಹದ ಪಟ್ಟಿ ಕೊಟ್ಟರೆ ಸಾಲದು. ಪ್ರತಿ ಹೆಸರನ್ನೂ ಒಂದು ಸಲ ಬಿಡಿಯಾಗಿ, ಒಂದು ಸಲ 'ನಿಗೆ' ಹಚ್ಚಿ, ಒಂದು ಸಲ ಕೂಗಿ ಕರೆಯುವ ಧಾಟಿಯಲ್ಲಿ ಹೇಳಿ ಧ್ವನಿಮುದ್ರಿಸಿ ಕಳಿಸಿ. ಕೂಗುವಾಗ ಕೊನೆಯ ಸ್ವರ ಎಳೆಯುತ್ತದೆ, 'ತೊಅರಾ' ಎಂದಾಗ ತಡೆ ಸಡಿಲವಾಗಿ ವಕಾರ ನುಸುಳುವುದು ಹೆಚ್ಚಾಗಿ ಅಲ್ಲೇ.